ಗುಲ್ಮಾರ್ಗ್ ಸ್ಕೀ ಕೋರ್ಸ್‌ಗೆ ಇನ್ನು ಮೂರು ತಿಂಗಳು: ಕಾಲು ತಯಾರು ಮಾಡುವುದು ಹೇಗೆ?

ವೈಟ್‌ಫೀಲ್ಡ್ ವಾಸಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಊರು ತಿಪಟೂರು, ಕೆಲಸ ಬೆಂಗಳೂರಿನಲ್ಲಿ. ಜನವರಿ ಕೊನೆಗೆ ನಾನೂ ನನ್ನ ಹೆಂಡತಿಯೂ ಎರಡು ವಾರದ ಬೇಸಿಕ್ ಸ್ಕೀ ಕೋರ್ಸ್‌ಗೆ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಇಬ್ಬರೂ ಇದುವರೆಗೆ ಸ್ಕೀ ಮುಟ್ಟಿಯೂ ನೋಡಿಲ್ಲ.

ಕೋರ್ಸ್‌ನವರು ಕಳಿಸಿದ ಕಾಗದದಲ್ಲಿ ‘ದೇಹ ಗಟ್ಟಿಮುಟ್ಟಾಗಿರಬೇಕು, ಡಾಕ್ಟರ್ ಸರ್ಟಿಫಿಕೇಟ್ ತರಬೇಕು’ ಅಂತ ಇದೆ. ಗಟ್ಟಿಮುಟ್ಟು ಅಂದರೆ ಎಷ್ಟು, ಯಾವ ಥರ, ಅದು ಇಲ್ಲ.

ನನ್ನ ಕಥೆ ಹೀಗಿದೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತಿರುತ್ತೇನೆ. ವಾರಕ್ಕೆ ಮೂರು ಬೆಳಿಗ್ಗೆ ಕೆರೆ ಸುತ್ತ ಐದು ಕಿ.ಮೀ. ಓಡುತ್ತೇನೆ, ಏದುಸಿರೇನೂ ಬರುವುದಿಲ್ಲ. ತೂಕ 82 ಕೆಜಿ. ಎಡ ಮಂಡಿ ಮೆಟ್ಟಿಲು ಇಳಿಯುವಾಗ ಸಣ್ಣಗೆ ನೋಯುತ್ತದೆ. ಹತ್ತುವಾಗ ಏನೂ ಇಲ್ಲ. ಹೆಂಡತಿ ದಿನಾ ಯೋಗ ಮಾಡುತ್ತಾಳೆ, ಓಡು ಅಂದರೆ ಮಾತ್ರ ಬೇಡ ಅನ್ನುತ್ತಾಳೆ.

ಓಟ ಇನ್ನೂ ಜಾಸ್ತಿ ಮಾಡಿದರೆ ಸಾಕಾ? ಜಿಮ್ ಸೇರಲೇಬೇಕಾ? ಎತ್ತರದ ಜಾಗದಲ್ಲಿ ಉಸಿರಾಟಕ್ಕೆ ಏನಾದರೂ ತಯಾರಿ ಉಂಟಾ? ಹೋಗಿ ಬಂದವರು ದಯವಿಟ್ಟು ಹೇಳಿ. ವರ್ಷದ ರಜೆಯೆಲ್ಲ ಇದಕ್ಕೇ ಹಾಕಿದ್ದೇವೆ. ಮೂರನೇ ದಿನಕ್ಕೇ ಕಾಲು ಹಿಡಿದುಕೊಂಡು ರೂಮಿನಲ್ಲಿ ಕೂರುವ ಹಾಗೆ ಆಗಬಾರದು.

ಮೈಸೂರಿನ ಪಿ.ಟಿ. ಮೇಡಂ

ಮೂರು ತಿಂಗಳು ಇರುವಾಗಲೇ ಕೇಳಿದಿರಲ್ಲ, ಅರ್ಧ ಕೆಲಸ ಆಯಿತು. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನೀವು ಹೋಗುವಂಥದ್ದೇ ಬೇಸಿಕ್ ಕೋರ್ಸ್ ಗುಲ್ಮಾರ್ಗ್‌ನಲ್ಲಿ ಮಾಡಿದ್ದೇನೆ. ಆಮೇಲೆ ನಮ್ಮ ಎನ್‌ಸಿಸಿ ಹುಡುಗಿಯರನ್ನೂ ಇಲ್ಲೇ ತಯಾರು ಮಾಡಿ ಕಳಿಸಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸ್ಕೀ ಅಂದರೆ ಇಳಿಯುವ ಆಟ. ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಎಲ್ಲರೂ ಓಡಿ, ಬೆಟ್ಟ ಹತ್ತಿ, ಸೈಕಲ್ ತುಳಿದು ಹೋಗುತ್ತಾರೆ. ಹತ್ತುವಾಗ ತೊಡೆ ದೇಹವನ್ನು ಮೇಲಕ್ಕೆ ದೂಡುತ್ತದೆ. ಸ್ಕೀ ಮಾಡುವಾಗ ಅದೇ ತೊಡೆ ದೇಹವನ್ನು ತಡೆದು ಹಿಡಿಯಬೇಕು. ಸ್ನಾಯು ಬಿಗಿಯಾಗಿರುವಾಗಲೇ ಎಳೆಸಿಕೊಳ್ಳುತ್ತದೆ. ಮೈಕೈ ನೋವು ಜಾಸ್ತಿ ಬರುವುದು ಇಂಥ ಕೆಲಸದಿಂದಲೇ. ಅದೂ ಕೂಡಲೇ ಬರುವುದಿಲ್ಲ. ಮರುದಿನ ಶುರುವಾಗಿ ಎರಡು ಮೂರನೇ ದಿನಕ್ಕೆ ಏರುತ್ತದೆ. ನೀವು ಹೆದರುತ್ತಿರುವ ‘ಮೂರನೇ ದಿನ’ ಇದೇ.

ಕುಮಾರಪರ್ವತ ಇಳಿದು ಬಂದವರನ್ನು ಕೇಳಿ ನೋಡಿ. ಹತ್ತಿದ್ದು ಮರೆತಿರುತ್ತಾರೆ. ಇಳಿದ ಮರುದಿನ ಕುಕ್ಕೆಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲು ಇಳಿಯುವುದಕ್ಕೂ ಕಂಬಿ ಹಿಡಿದುಕೊಂಡದ್ದು ಮಾತ್ರ ನೆನಪಿರುತ್ತದೆ. ಆದರೆ ಒಂದು ಒಳ್ಳೆಯ ಸುದ್ದಿ ಇದೆ. ಈ ಥರದ ಕೆಲಸವನ್ನು ದೇಹ ಬೇಗ ಕಲಿಯುತ್ತದೆ. ಕೆಲವು ದಿನ ಬಿಟ್ಟು ಅದೇ ಕೆಲಸ ಮತ್ತೆ ಮಾಡಿದರೆ ನೋವು ಎಷ್ಟೋ ಕಡಿಮೆ. ಹಾಗಾಗಿ ಆ ಮೊದಲನೇ ನೋವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ.

ನಮ್ಮ ಹುಡುಗಿಯರನ್ನು ನಾನು ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತೇನೆ. 1008 ಮೆಟ್ಟಿಲು. ಹತ್ತುವಾಗ ಅವರಿಷ್ಟ. ಮಾತಾಡಲಿ, ನಿಂತು ನೀರು ಕುಡಿಯಲಿ, ನಾನು ಏನೂ ಹೇಳುವುದಿಲ್ಲ. ಇಳಿಯುವಾಗ ಮಾತ್ರ ಮಾತಿಲ್ಲ. ಹೊಸಬರಿಗೆ ಮೊದಲು ನಂದಿಯಿಂದ ಸ್ವಲ್ಪ ದೂರ ಅಷ್ಟೇ. ಒಂದು ಮೆಟ್ಟಿಲಿಗೆ ಮನಸ್ಸಿನಲ್ಲೇ ಒಂದು, ಎರಡು ಎಣಿಸಬೇಕು. ಮೇಲಿನ ಕಾಲಿನ ಮಂಡಿ ನಿಧಾನವಾಗಿ ಬಾಗುತ್ತಾ ಹೋಗಬೇಕು, ಕೆಳಗಿನ ಪಾದ ಬೆರಳ ಕಡೆಯಿಂದ ಮೆಟ್ಟಿಲನ್ನು ಮುಟ್ಟಬೇಕು. ಕೈ ಮುಂದೆ, ಎದೆ ನೆಟ್ಟಗೆ, ಕಣ್ಣು ನಾಲ್ಕೈದು ಮೆಟ್ಟಿಲು ಆಚೆ.

ನಾನು ಅವರ ಹಿಂದೆ ನಡೆಯುತ್ತೇನೆ. ನೋಡುವುದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳುತ್ತೇನೆ. ತೊಡೆಯಲ್ಲಿ ಶಕ್ತಿ ಇರುವವರೆಗೆ ಪಾದದ ಸದ್ದು ಬರುವುದೇ ಇಲ್ಲ. ಸುಸ್ತಾದ ಕೂಡಲೇ ಶೂ ‘ಟಪ್’ ಅನ್ನುತ್ತದೆ. ತೊಡೆ ಕೈಬಿಟ್ಟಿದೆ, ಭಾರವೆಲ್ಲ ಈಗ ಮಂಡಿಯ ಮೇಲೆ ಅಂತ ಅರ್ಥ. ಸದ್ದು ಬಂದವಳನ್ನು ಅಲ್ಲೇ ಕೂರಿಸುತ್ತೇನೆ. ಐದು ನಿಮಿಷ ಆದ ಮೇಲೆ ಮತ್ತೆ ಶುರು. ನಿಮಗೂ ಇದೇ ಅಳತೆ. ಎಷ್ಟು ಮೆಟ್ಟಿಲು ಅಂತ ಲೆಕ್ಕ ಇಡಬೇಡಿ. ಸದ್ದಿಲ್ಲದೆ ಎಷ್ಟು ಇಳಿಯುತ್ತೀರೋ ಅಷ್ಟು.

ಬೆಂಗಳೂರಿನಲ್ಲಿ ಬೆಟ್ಟ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಪಾರ್ಟ್‌ಮೆಂಟ್ ಇದ್ದರೆ ಲಿಫ್ಟ್‌ನಲ್ಲಿ ಹತ್ತಿ, ಮೆಟ್ಟಿಲಿನಲ್ಲಿ ಇಳಿಯಿರಿ. ನೋಡಿದವರಿಗೆ ವಿಚಿತ್ರ ಅನ್ನಿಸಬಹುದು, ಅನ್ನಿಸಲಿ. ವಾರಕ್ಕೆ ಎರಡೇ ದಿನ ಸಾಕು, ನಡುವೆ ಎರಡು ದಿನ ಬಿಡಿ. ನಿಮ್ಮ ಎಡ ಮಂಡಿಯ ವಿಷಯ ಮೊದಲು ಯಾರಿಗಾದರೂ ತೋರಿಸಿ. ಇಲ್ಲಿ ಫಿಸಿಯೋ ಒಬ್ಬರು ಇದ್ದಾರೆ, ಅವರು ಹೇಳಿದರೆ ನನಗಿಂತ ಚೆನ್ನ.

ಇನ್ನು ಮನೆಯಲ್ಲಿ ಬಸ್ಕಿ. ಗರಡಿಯಲ್ಲಿ ಹೊಡೆಯುವ ಹಾಗೆ ವೇಗವಾಗಿ ಬೇಡ. ನಾಲ್ಕು ಎಣಿಸುತ್ತಾ ಇಳಿಯಿರಿ, ಕೆಳಗೆ ಎರಡು ಎಣಿಸಿ ನಿಲ್ಲಿ, ಆಮೇಲೆ ಏಳಿ. ಹತ್ತರ ಮೂರು ಸುತ್ತು ಮಾಡಿದರೆ ಗೊತ್ತಾಗುತ್ತದೆ. ಜೊತೆಗೆ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆಯೇ ಕುರ್ಚಿಯಲ್ಲಿ ಕೂತ ಹಾಗೆ ಕೂರಿ. ಮೂವತ್ತು ಸೆಕೆಂಡಿನಿಂದ ಶುರು ಮಾಡಿ. ಎರಡು ನಿಮಿಷ ಅಲುಗಾಡದೆ ಕೂರುವ ಹಾಗಾದರೆ ಗುಲ್ಮಾರ್ಗ್‌ನ ಕಲಿಯುವವರ ಇಳಿಜಾರಿಗೆ ನಿಮ್ಮ ತೊಡೆ ಸಾಕು.

ಐದಾರು ವಾರ ಆದ ಮೇಲೆ ಹಾರುವುದು ಸೇರಿಸಿ. ಪೆಟ್ಟಿಗೆ ಗಿಟ್ಟಿಗೆ ಬೇಡ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಅದರ ಈ ಕಡೆಯಿಂದ ಆ ಕಡೆಗೆ ಪಕ್ಕಕ್ಕೆ ಹಾರಿ. ಒಂದು ಕಾಲಿನಲ್ಲಿ ಇಳಿದು, ಮಂಡಿ ಬಾಗಿಸಿ, ಎರಡು ಕ್ಷಣ ನಿಲ್ಲಬೇಕು. ಮಕ್ಕಳಿದ್ದರೆ ಅವರ ಜೊತೆ ಕುಂಟೆಬಿಲ್ಲೆ ಆಡಿ. ಒಂಟಿ ಕಾಲಿನಲ್ಲಿ ಹಾರಿ, ತೂಕ ಹಿಡಿದು, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವುದಿದೆಯಲ್ಲ, ಸೊಂಟಕ್ಕೂ ಪಾದದ ಗಂಟಿಗೂ ಅಷ್ಟು ಒಳ್ಳೆಯ ಕಸರತ್ತು ಜಿಮ್‌ನಲ್ಲೂ ಕಡಿಮೆ.

ಅಲ್ಲಿ ಮೊದಲ ದಿನಗಳು ಹೇಗಿರುತ್ತವೆ ಅಂತಲೂ ಹೇಳುತ್ತೇನೆ, ಯಾಕೆಂದರೆ ತಯಾರಿ ಅದಕ್ಕೇ ತಾನೇ. ಬಂದ ಕೂಡಲೇ ಗಂಡೋಲಾ, ಅಂದರೆ ತಂತಿಯ ಮೇಲೆ ಹೋಗುವ ಕೇಬಲ್ ಕಾರ್, ಹತ್ತಿಸಿ ಮೇಲಿಂದ ಬಿಡುವುದಿಲ್ಲ. ಪ್ಲಾಸ್ಟಿಕ್ ಬೂಟು ಕೊಡುತ್ತಾರೆ, ಪಾದದ ಗಂಟು ಸುಲಭಕ್ಕೆ ಮಡಚುವುದೇ ಇಲ್ಲ. ಅದನ್ನು ಹಾಕಿಕೊಂಡು, ಸ್ಕೀ ಹೆಗಲ ಮೇಲೆ ಹೊತ್ತು, ಹಿಮದಲ್ಲಿ ನಡೆದು ಇಳಿಜಾರಿನ ಬುಡಕ್ಕೆ ಹೋಗಬೇಕು. ಆಮೇಲೆ ಸ್ಕೀ ಕಟ್ಟಿಕೊಂಡು ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಇಡುತ್ತಾ ಮೇಲೆ ಹತ್ತಬೇಕು. ಇಳಿಜಾರಿಗೆ ಅಡ್ಡ ನಿಂತು, ಸ್ಕೀಯ ಅಂಚನ್ನು ಹಿಮಕ್ಕೆ ಕಚ್ಚಿಸಿ, ಒಂದೊಂದೇ ಅಡಿ. ಇಪ್ಪತ್ತು ನಿಮಿಷ ಹತ್ತಿದ್ದನ್ನು ಅರೆ ನಿಮಿಷದಲ್ಲಿ ಇಳಿದುಬಿಡುತ್ತೀರಿ. ಮತ್ತೆ ಹತ್ತುವುದು. ತೊಡೆಯ ಒಳಭಾಗ, ಸೊಂಟದ ಪಕ್ಕ ಹಿಡಿದುಕೊಳ್ಳುವುದು ಇದರಿಂದಲೇ. ಹಾಗಾಗಿ ಈಗಿನಿಂದಲೇ ದಿನಕ್ಕೆ ಒಂದು ಮಹಡಿಯನ್ನು ಪಕ್ಕಕ್ಕೆ ತಿರುಗಿ ಹತ್ತಿ. ಒಂದು ಸಲ ಬಲ ಮಗ್ಗುಲು, ಒಂದು ಸಲ ಎಡ ಮಗ್ಗುಲು.

ಬೀಳುವುದಂತೂ ಇದ್ದೇ ಇದೆ. ಬೀಳುವುದಕ್ಕಿಂತ ಏಳುವುದಕ್ಕೇ ಜಾಸ್ತಿ ಶಕ್ತಿ ಬೇಕು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಮಗ್ಗುಲಾಗಿ ಬಿದ್ದವರು ಒಂದು ಕೈ ಊರಿ ಏಳಬೇಕು. ಮನೆಯಲ್ಲಿ ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿ, ಎರಡೂ ಪಾದ ಜೋಡಿಸಿಟ್ಟು, ಏಳುವುದನ್ನು ಅಭ್ಯಾಸ ಮಾಡಿ. ತೋಳಿಗೂ ಪಕ್ಕೆಗೂ ಬೇರೆ ಕಸರತ್ತು ಬೇಕಾಗುವುದಿಲ್ಲ.

ಎತ್ತರದ ಬಗ್ಗೆ ಕೇಳಿದಿರಿ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತುದಿಗಿಂತಲೂ 700 ಮೀಟರ್ ಮೇಲೆ ನೀವು ಮಲಗಿ ಏಳುತ್ತೀರಿ ಅಂತ ಆಯಿತು. ಬೆಂಗಳೂರಿನಲ್ಲಿ ಕೂತು ಇದಕ್ಕೆ ದೇಹ ಒಗ್ಗಿಸಲು ಆಗುವುದಿಲ್ಲ. ಓಟ ಚೆನ್ನಾಗಿದ್ದರೆ ಸುಸ್ತು ಕಡಿಮೆ, ಅಷ್ಟೇ. ನಿಮ್ಮ ಐದು ಕಿ.ಮೀ. ಹಾಗೇ ಇರಲಿ, ಜಾಸ್ತಿ ಮಾಡುವುದು ಬೇಡ. ಅಲ್ಲಿಗೆ ಹೋದ ಮೊದಲ ದಿನ ನಿಧಾನ ನಡೆಯಿರಿ, ಚೆನ್ನಾಗಿ ನೀರು ಕುಡಿಯಿರಿ, ಬೇಗ ಮಲಗಿ. ಮದ್ಯ ಬೇಡ. ತಲೆನೋವು ಬಂದು ವಾಂತಿಯೂ ಶುರುವಾದರೆ ಸಹಿಸಿಕೊಂಡು ಕೂರಬೇಡಿ, ಇನ್‌ಸ್ಟ್ರಕ್ಟರ್‌ಗೆ ಹೇಳಿ ತಂಗ್‌ಮಾರ್ಗ್ ಕಡೆ ಕೆಳಗಿಳಿಯಿರಿ. ಗಂಡೋಲಾದ ಎರಡನೇ ಹಂತ ಸುಮಾರು 3,950 ಮೀಟರಿಗೆ ಹೋಗುತ್ತದೆ. ಕಲಿಯುವವರಿಗೆ ಅಲ್ಲಿ ಕೆಲಸವಿಲ್ಲ. ನೋಡಬೇಕು ಅಂದರೆ ಕೋರ್ಸ್‌ನ ಕೊನೆಗೆ ಹೋಗಿ.

ಹಿಮದ ಮೇಲೂ ಒಂದು ಕಣ್ಣಿಡಿ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರೀ ಒಣ ಹುಲ್ಲಾಗಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಅಲ್ಲಿನ ಸ್ಪರ್ಧೆಗಳನ್ನೇ ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ದಿನಾಂಕ ಬದಲಿಸುವ ಅವಕಾಶ ಇದೆಯಾ ಅಂತ ಕೋರ್ಸ್‌ನವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಹುಬ್ಬಳ್ಳಿ ಫಿಸಿಯೋ

ಮೇಡಂ ಹೇಳಿದ್ದು ಸರಿ ಅದ ರೀ. ಮೊಣಕಾಲಿನ ಬಗ್ಗೆ ಮಾತ್ರ ನಾನು ಬರೆಯುತ್ತೇನೆ.

ಇಳಿಯುವಾಗ ನೋವು, ಹತ್ತುವಾಗ ಇಲ್ಲ, ದಿನಾ ಒಂಬತ್ತು ತಾಸು ಕುರ್ಚಿ. ಇದು ಬಹಳ ಮಂದಿಯಲ್ಲಿ ಚಿಪ್ಪಿನ ಹಿಂದೆ ಬರುವ ನೋವು. ಥಿಯೇಟರಿನಲ್ಲಿ ಪೂರ್ತಿ ಸಿನಿಮಾ ನೋಡಿ ಎದ್ದಾಗಲೂ ನೋಯುತ್ತದಾ, ಗಮನಿಸಿ. ನೋಡದೆ ಖಚಿತ ಹೇಳಲು ಆಗುವುದಿಲ್ಲ. ಆದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು.

ಕನ್ನಡಿ ಮುಂದೆ ಗಿಡ್ಡ ಮೆಟ್ಟಿಲ ಮೇಲೆ ಎಡಗಾಲಿನಲ್ಲಿ ನಿಲ್ಲಿ. ಬಲಗಾಲಿನ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಎಡ ಮೊಣಕಾಲು ಪಾದದ ಬೆರಳುಗಳ ನೇರಕ್ಕೆ ಇರುತ್ತದಾ, ಒಳಗಡೆ ಹೆಬ್ಬೆರಳಿನ ಕಡೆ ಜಾರುತ್ತದಾ? ಒಳಗೆ ಜಾರಿದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಅಂತ ಹೆಚ್ಚಿನ ಸಲ ಅರ್ಥ. ಮೊಣಕಾಲು ಬರೀ ಪೆಟ್ಟು ತಿನ್ನುತ್ತಿರುತ್ತದೆ.

ಹಾಗಿದ್ದರೆ ಮೊದಲ ಮೂರು ವಾರ ಮೆಟ್ಟಿಲು ಇಳಿಯುವ ಅಭ್ಯಾಸ ನಿಲ್ಲಿಸಿ. ಮಗ್ಗುಲಿಗೆ ಮಲಗಿ, ಬೆನ್ನೂ ಹಿಮ್ಮಡಿಯೂ ಗೋಡೆಗೆ ತಾಗಿಸಿ, ಮೇಲಿನ ಕಾಲನ್ನು ಗೋಡೆಗುಂಟ ಏರಿಸಿ ಇಳಿಸಿ. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ ಮಾಡಿ. ಆಮೇಲೆ ನಾಲ್ಕು ಇಂಚಿನ ಹಲಗೆಯಿಂದ ಇಳಿಯುವುದು, ಆಮೇಲೆ ಮೆಟ್ಟಿಲು. ಸಣ್ಣ ನೋವು ಬಂದು ಮರುದಿನ ಬೆಳಿಗ್ಗೆಗೆ ಹೋದರೆ ತೊಂದರೆ ಇಲ್ಲ. ಬಾವು ಬಂದರೆ, ಮೊಣಕಾಲು ಸಿಕ್ಕಿಕೊಂಡ ಹಾಗೆ ಆದರೆ, ನಡೆಯುವಾಗ ಪಟ್ಟನೆ ಕುಸಿದರೆ, ಮೂಳೆ ಡಾಕ್ಟರಿಗೆ ತೋರಿಸದೆ ಗುಲ್ಮಾರ್ಗ್‌ಗೆ ಹೋಗಬೇಡಿ.

ಇನ್ನೊಂದು: ಹಿಂದೊಡೆ, ಅಂದರೆ ತೊಡೆಯ ಹಿಂಭಾಗದ ಸ್ನಾಯು. ಎಲ್ಲರೂ ಮುಂದಿನ ತೊಡೆಯನ್ನೇ ಬೆಳೆಸುತ್ತಾರೆ. ಮೊಣಕಾಲಿನ ಒಳಗಿನ ಎ.ಸಿ.ಎಲ್. ಅನ್ನುವ ಕಟ್ಟನ್ನು ಕಾಯುವುದರಲ್ಲಿ ಹಿಂದೊಡೆಯ ಪಾತ್ರ ದೊಡ್ಡದು, ಕಾಲಿನ ಮೂಳೆ ಮುಂದಕ್ಕೆ ಜಾರದಂತೆ ಅದು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಮಂಡಿಯೂರಿ ಕೂತು, ಮನೆಯವರಿಗೆ ಹಿಮ್ಮಡಿ ಗಟ್ಟಿಯಾಗಿ ಹಿಡಿಯಲು ಹೇಳಿ, ನೆಟ್ಟಗೆ ಇದ್ದ ಹಾಗೇ ನಿಧಾನಕ್ಕೆ ಮುಂದಕ್ಕೆ ವಾಲಿ. ತಡೆಯಲಾಗದೆ ಹೋದಾಗ ಕೈ ಊರಿ. ವಾರಕ್ಕೆ ಎರಡು ದಿನ, ಐದೈದು ಸಲದಿಂದ ಶುರು. ಕಷ್ಟ ಅದ, ಆದರೆ ಬಿಡಬೇಡಿ.

ಡೆನ್ವರ್ ಕನ್ನಡಿಗ

ನಾನು ಇರುವುದು ಕೊಲೊರಾಡೊದಲ್ಲಿ, ಮೂಲ ದಾವಣಗೆರೆ. ಇಲ್ಲಿ ಚಳಿಗಾಲ ಬಂತೆಂದರೆ ಶನಿವಾರ ಬೆಳಗಿನ ಜಾವಕ್ಕೇ ಐ-70 ಹೆದ್ದಾರಿ ಕಾರುಗಳಿಂದ ತುಂಬಿರುತ್ತದೆ. ಸೆಪ್ಟೆಂಬರಿನಿಂದಲೇ ಆಫೀಸಿನವರು ಬಸ್ಕಿ, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸುವುದು) ಅಂತ ಶುರು ಮಾಡುತ್ತಾರೆ. ತಯಾರಿಯ ಬಗ್ಗೆ ಮೇಲೆ ಎಲ್ಲ ಬಂದಿದೆ. ಮಂಡಿ ಉಳಿಸಿಕೊಳ್ಳುವ ಬಗ್ಗೆ ನನ್ನದೂ ಸೇರಿಸುತ್ತೇನೆ.

ಮಂಡಿ ಹೋಗುವುದು ಬರೀ ವೇಗದಿಂದ ಅಂದುಕೊಳ್ಳಬೇಡಿ. ಹಿಂದಕ್ಕೆ ವಾಲಿ, ಸೊಂಟ ಮಂಡಿಗಿಂತ ಕೆಳಗೆ ಹೋಗಿ, ಭಾರವೆಲ್ಲ ಇಳಿಜಾರಿನ ಕಡೆಯ ಸ್ಕೀಯ ಬಾಲದ ಮೇಲೆ ಬಿದ್ದಾಗ ಸ್ಕೀ ಒಳಕ್ಕೆ ತಿರುಗಿ ಮಂಡಿಯನ್ನು ತಿರುಚುತ್ತದೆ. ವರ್ಮಾಂಟ್‌ನ ಸಂಶೋಧಕರು ಸ್ಕೀ ತಾಣಗಳ ಸಿಬ್ಬಂದಿಗೆ ಹೀಗೆ ಬೀಳುವವರ ವಿಡಿಯೋ ತೋರಿಸಿ ತರಬೇತಿ ಕೊಟ್ಟರು. ತರಬೇತಿ ಪಡೆದವರಲ್ಲಿ ಮಂಡಿಯ ದೊಡ್ಡ ಗಾಯಗಳು 62% ಕಡಿಮೆಯಾದವು ಅಂತ 1995ರಲ್ಲಿ ಪ್ರಕಟಿಸಿದರು. ಅವರ ಸಲಹೆ ತುಂಬಾ ಸರಳ. ಕೈ ಯಾವಾಗಲೂ ಮುಂದೆ, ಪಾದ ಎರಡೂ ಹತ್ತಿರ. ಬೀಳುತ್ತಿದ್ದೇನೆ ಅಂತ ಗೊತ್ತಾದರೆ ಬಿದ್ದುಬಿಡಿ, ಕಾಲು ಸೆಟೆಸಬೇಡಿ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ.

ತೊಡೆ ಸುಸ್ತಾದವರೇ ಹಿಂದಕ್ಕೆ ವಾಲುವುದು. ಹಾಗಾಗಿ ಕಾಲು ಗಟ್ಟಿ ಮಾಡಿಕೊಳ್ಳುವುದು ಮಂಡಿಗೂ ರಕ್ಷಣೆ. ಸಂಜೆ ಹೊತ್ತಿಗೆ ‘ಇನ್ನೊಂದೇ ಸಲ’ ಅನ್ನಿಸುತ್ತದೆ. ತೊಡೆ ನಡುಗುತ್ತಿದ್ದರೆ ಆ ಇನ್ನೊಂದು ಸಲ ಬಿಟ್ಟುಬಿಡಿ.

ಬಾಡಿಗೆ ಸ್ಕೀ ಕೊಡುವಾಗ ತೂಕ, ಎತ್ತರ, ವಯಸ್ಸು ಕೇಳಬೇಕು. ಬಿದ್ದಾಗ ಬೂಟನ್ನು ಬಿಡುಗಡೆ ಮಾಡುವ ಬೈಂಡಿಂಗ್‌ನ ಬಿಗಿಯನ್ನು ಅದರ ಮೇಲೆಯೇ ಹೊಂದಿಸುತ್ತಾರೆ. ನಿಮ್ಮ ತೂಕ ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಕೇಳದಿದ್ದರೆ ನೀವೇ ಹೇಳಿ ಹೊಂದಿಸಿಕೊಳ್ಳಿ.

ಮಡಿಕೇರಿ ಹುಡುಗಿ

ಅಣ್ಣ, ದಕ್ಷಿಣದವರಿಗೆ ಹಿಮ ಒಗ್ಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾದಲ್ಲಿ ಕರ್ನಾಟಕಕ್ಕೆ ಪದಕ ತಂದವರು. 2025ರಲ್ಲಿ ಚಿಲಿಯಲ್ಲಿ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರದ್ದು ಬೇರೆ ಬಗೆ, ಹಿಮ್ಮಡಿಯನ್ನು ಸ್ಕೀಗೆ ಕಟ್ಟದೆ ಬಯಲಿನಲ್ಲಿ, ದಿಬ್ಬದಲ್ಲಿ ಓಡುವ ಸ್ಕೀ. ಆ ಆಟದವರು ಹಿಮ ಇಲ್ಲದ ತಿಂಗಳುಗಳಲ್ಲಿ ಚಕ್ರದ ರೋಲರ್ ಸ್ಕೀ ಹಾಕಿ ಟಾರ್ ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ನಿಮಗೆ ಅದು ಬೇಡ, ಮೇಡಂ ಹೇಳಿದ್ದನ್ನೇ ಮಾಡಿ. ಆದರೆ ಕಾಫಿ ತೋಟದ ನಾಡಿನವರು ಹಿಮದಲ್ಲಿ ಗೆಲ್ಲಬಹುದು ಅನ್ನುವುದು ನನಗೆ ತುಂಬಾ ಹೆಮ್ಮೆ.

ವೈಟ್‌ಫೀಲ್ಡ್ ವಾಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕನ್ನಡಿ ಪರೀಕ್ಷೆ ಮಾಡಿದೆ. ಎಡ ಮಂಡಿ ಒಳಗೆ ಜಾರುತ್ತದೆ, ಬಲದ್ದು ನೆಟ್ಟಗೆ ಇದೆ. ಬಾವು ಇಲ್ಲ. ಇವತ್ತಿನಿಂದಲೇ ಗೋಡೆ ವ್ಯಾಯಾಮ ಶುರು. ಮೇಡಂ, ಹೆಂಡತಿಯ ವಿಷಯ ಒಂದು ಹೇಳಿ. ಅವಳಿಗೆ ಯೋಗ ಮಾತ್ರ ಸಾಕಾ?

ಮೈಸೂರಿನ ಪಿ.ಟಿ. ಮೇಡಂ

ಅವರು ನಿಮಗಿಂತ ಮುಂದೆ ಇದ್ದಾರೆ ಅಂತ ನನ್ನ ಅಂದಾಜು. ದಿನಾ ಯೋಗ ಮಾಡುವವರಿಗೆ ಒಂಟಿ ಕಾಲಿನ ಹಿಡಿತ ಇರುತ್ತದೆ, ಪಾದದ ಗಂಟು ಚೆನ್ನಾಗಿ ಬಾಗುತ್ತದೆ. ಬೂಟಿನೊಳಗೆ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಒತ್ತಿ ನಿಲ್ಲಬೇಕಲ್ಲ, ಅದಕ್ಕೆ ಇದು ಬಹಳ ಮುಖ್ಯ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕೂರಲು ಇಬ್ಬರಿಗೂ ಆಗುತ್ತದಾ ನೋಡಿ. ನಿಮಗೆ ಆಗದಿದ್ದರೆ ದಿನಾ ಎರಡು ನಿಮಿಷ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂರಿ.

ಅವರು ಉತ್ಕಟಾಸನವನ್ನು ಜಾಸ್ತಿ ಹೊತ್ತು ಹಿಡಿಯಲಿ, ವೀರಭದ್ರಾಸನದಲ್ಲಿ ನಿಧಾನಕ್ಕೆ ಇಳಿದು ಏಳಲಿ. ಆದರೆ ಅಷ್ಟೇ ಸಾಲದು. ಯೋಗದಲ್ಲಿ ಪೆಟ್ಟು ತಡೆಯುವ ಕೆಲಸ ಇಲ್ಲ, ಉಸಿರು ಏರುವ ಕೆಲಸವೂ ಕಡಿಮೆ. ಓಡುವುದು ಬೇಡ ಅಂದರೆ ಒತ್ತಾಯ ಮಾಡಬೇಡಿ. ಬಿರುಸಾಗಿ ನಡೆಯಲಿ, ಗೆರೆ ಹಾರಲಿ, ಮೆಟ್ಟಿಲು ಇಳಿಯಲಿ.

ಕೊನೆಯ ಹತ್ತು ದಿನ ಇಬ್ಬರೂ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಮೈ ನೋವಿಲ್ಲದೆ ಶ್ರೀನಗರದ ವಿಮಾನ ಹತ್ತಬೇಕು. ಬೂಟಿಗೆ ಒಂದೇ ಜೊತೆ ಉದ್ದನೆಯ ಉಣ್ಣೆ ಕಾಲುಚೀಲ, ಚಳಿ ಅಂತ ಎರಡೆರಡು ಹಾಕಬೇಡಿ, ಮಡಿಕೆ ಬಿದ್ದು ಗುಳ್ಳೆ ಏಳುತ್ತದೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಆ ಬೂಟಿನ ಮುಂಭಾಗಕ್ಕೆ ಬೆರಳು ದಿನವಿಡೀ ಒತ್ತುತ್ತಿರುತ್ತದೆ, ಉಗುರು ಉದ್ದ ಇದ್ದರೆ ಎರಡೇ ದಿನದಲ್ಲಿ ಕಪ್ಪಾಗುತ್ತದೆ.